ಉದಾಹರಣೆಗೆ, ಐದು ಖಾಲಿ ಮಂಚ

ಕಲ್ಲಡ್ಕ
22-6-2025, ಆದಿತ್ಯವಾರ

ಮಗಳು ವಿಸ್ಮಿತಾಳಿಗೆ ಅಮ್ಮನ ಆಶೀರ್ವಾದ.

ನಿನ್ನನ್ನು ಮೂಡುಬಿದಿರೆಯ ಹಾಸ್ಟೆಲಿನಲ್ಲಿ ಬಿಟ್ಟು ಬಂದು ಇವತ್ತಿಗೆ ಹದಿನೈದು ದಿನ. ದಿನಕ್ಕೊಂದು ನೆನಪಾಗುವುದು, ಎದೆ ಡಬಡಬ ಹೊಡೆಯುವುದು. ಉಪ್ಪಿನಕಾಯಿ ಬಾಟ್ಲಿಯ ಮುಚ್ಚಳ ಸರಿ ತಿರುಗಿಸಿದ್ದೇನಾ? ಎಣ್ಣೆ ಸೋರಿ ಹೊಸ ಚೂಡಿದಾರಕ್ಕೆ ತಾಗಿತಾ? ನಿನ್ನ ಮಂಚ ಫ್ಯಾನಿನ ಸರೀ ಕೆಳಗೆ ಉಂಟು, ಸ್ವಲ್ಪ ಬದಿಗೆ ಎಳೆದುಕೋ. ತಲೆ ಒದ್ದೆ ಇರುವಾಗ ಜಡೆ ಹಾಕಬೇಡ. ನಿಮ್ಮಲ್ಲಿ ಮೊಬೈಲ್ ಇಲ್ಲ, ತಿಂಗಳ ಎರಡನೇ ಆದಿತ್ಯವಾರ ಐದು ನಿಮಿಷ ಫೋನ್ ಮಾತ್ರ ಎಂದರು. ಐದು ನಿಮಿಷ ನನಗೆ ಹಲೋ ಹೇಳಲಿಕ್ಕೇ ಬೇಕು. ಹಾಗಾಗಿ ಕಾಗದ. ಅಕ್ಷರ ನೋಡಿ ನಗಬೇಡ.

ಅಪ್ಪ ನೆರಿಯದ ಮನೆಯಲ್ಲಿ ಹುಷಾರಿದ್ದಾರೆ. ಮಳೆ ಬಿಟ್ಟ ದಿನ ರಬ್ಬರ್ ತೋಟದ ಟ್ಯಾಪಿಂಗಿಗೆ ಹೋಗುತ್ತಾರೆ. ನಾನು ಇಲ್ಲಿ ನರ್ಸರಿ ಶಾಲೆಯ ಹಿಂದಿನ ಬಾಡಿಗೆ ರೂಮಿನಲ್ಲಿ ಒಬ್ಬಳೇ ಇದ್ದೇನೆ. ಅದು ದೊಡ್ಡ ಸಂಗತಿ ಅಲ್ಲ. ದೊಡ್ಡ ಸಂಗತಿ ಬೇರೆ ಉಂಟು.

ನರ್ಸರಿಗೆ ಹೊಸ ಹೆಡ್ ಮೇಡಂ ಬಂದಿದ್ದಾರೆ. ಗೇಟಿನ ಒಳಗೆ ತುಳು, ಕನ್ನಡ ಎರಡೂ ಬಂದ್ ಅಂತೆ. "ಟೀಚರುಗಳಿಗೆ ಮಾತ್ರ ಅಲ್ಲ, ಆಯಾಗಳಿಗೂ. ಮಕ್ಕಳು ಹೆಚ್ಚು ಹೊತ್ತು ಇರುವುದು ನಿಮ್ಮ ಸೊಂಟದಲ್ಲಿಯೇ ಅಲ್ವಾ?" ಎಂದರು. ನವೆಂಬರ್ ಹದಿನಾಲ್ಕಕ್ಕೆ, ಮಕ್ಕಳ ದಿನಾಚರಣೆಗೆ, ಮ್ಯಾನೇಜ್‌ಮೆಂಟಿನವರು ಬಂದು ನಮ್ಮನ್ನೂ ಮಾತನಾಡಿಸಿ ನೋಡುತ್ತಾರಂತೆ. ಬಾರದವರು ಬೇರೆ ಕೆಲಸ ನೋಡಿಕೊಳ್ಳಬೇಕು. ಪೂವಮ್ಮಕ್ಕ ನನ್ನ ಜೊತೆಯ ಆಯಾ ಅಲ್ವಾ, ಅವರಿಗೆ ಚಿಂತೆ ಇಲ್ಲ. "ನಾನು ಬಾಯಿಯೇ ಬಿಡುದಿಲ್ಲ ಮಾರಾಯ್ತಿ, ಮೂಕಿ ಅಂತ ಲೆಕ್ಕ ಹಾಕ್ಲಿ" ಅಂದರು. ನನಗೆ ಹಾಗೆ ಇರಲು ಬರುವುದಿಲ್ಲ. ಮೊನ್ನೆ ಒಂದು ಮಗು ಜಾರುಬಂಡಿಯಿಂದ ಬಿದ್ದು ಮೊಣಕಾಲು ತರಚಿಕೊಂಡಿತು. ನಾನು ಓಡಿ ಹೋಗಿ "ಮೇಡಂ, ಬೇಬಿ ಸಿಕ್" ಎಂದೆ. ಅವರು ಜ್ವರ ಎಂದುಕೊಂಡು ಥರ್ಮಾಮೀಟರ್ ಹಿಡಿದುಕೊಂಡು ಬಂದರು. "ದಮಯಂತಿ, ಇದು ಸಿಕ್ ಅಲ್ಲ, ಹರ್ಟ್" ಎಂದು ಎಲ್ಲರ ಎದುರು ನಕ್ಕರು. ಎರಡರಲ್ಲೂ ಮಗು ಅಳುತ್ತದೆ, ಎರಡರಲ್ಲೂ ನಾವು ಎತ್ತಿಕೊಳ್ಳುತ್ತೇವೆ. ಮತ್ತೆ ವ್ಯತ್ಯಾಸ ಎಂತದ್ದು?

ನಾನು ಆರನೇ ಕ್ಲಾಸ್ ಅರ್ಧಕ್ಕೆ ಬಿಟ್ಟವಳು. ತಮ್ಮ ಹುಟ್ಟಿದ, ತೊಟ್ಟಿಲು ತೂಗಲು ಜನ ಬೇಕಿತ್ತು. ಹತ್ತನೇ ಕ್ಲಾಸಿನಲ್ಲಿ ಊರಿಗೇ ಮೊದಲು ಬಂದವಳು ನೀನು. ನೀನು ಬರೆದು ಕಲಿಸಿದರೆ ನಾನು ಬಾಯಿಪಾಠ ಮಾಡುತ್ತೇನೆ. ಪ್ರತಿ ಪದಕ್ಕೂ ಒಂದೊಂದು ವಾಕ್ಯ ಬೇಕು, ಕನ್ನಡ ಅಕ್ಷರದಲ್ಲಿ, ಅರ್ಥದೊಂದಿಗೆ.

ನೋಡಲು ಬರುವಾಗ ಎಂತ ತರಲಿ? ಬರೆ.

ನಿನ್ನ ಅಮ್ಮ
ದಮಯಂತಿ


ಮೂಡುಬಿದಿರೆ
29-6-2025

ಪ್ರೀತಿಯ ಅಮ್ಮನಿಗೆ,

ಬಾಟ್ಲಿ ಸೋರಲಿಲ್ಲ. ಫ್ಯಾನ್ ಬೀಳಲಿಲ್ಲ. ಕೂದಲು ಒಣಗಿದೆ. ನೀನು ಹೆದರಬೇಡ.

ನನ್ನ ರೂಮಿನಲ್ಲಿ ಆರು ಮಂಚ, ಆರು ಜನ. ಬದಿಯ ಮಂಚದವಳು ಕೊಕ್ಕಡದ ನಿಖಿತಾ. ಅವಳಿಗೆ ನಿನ್ನ ಉಪ್ಪಿನಕಾಯಿ ಎಂದರೆ ಪ್ರಾಣ. ಇಲ್ಲಿ ಪಾಠ ಎಲ್ಲ ಇಂಗ್ಲಿಷಿನಲ್ಲಿ, ಬಹಳ ವೇಗ. ಹತ್ತನೆಯವರೆಗೆ ನಾನು ಕನ್ನಡದಲ್ಲಿ ಕಲಿತ ವಿಜ್ಞಾನಕ್ಕೆಲ್ಲ ಇಲ್ಲಿ ಬೇರೆ ಹೆಸರುಗಳು. ಸ್ವಲ್ಪ ದಿನದಲ್ಲಿ ಅಭ್ಯಾಸವಾಗುತ್ತದೆ. ಪ್ರತಿ ತಿಂಗಳ ಪರೀಕ್ಷೆಯ ನಂತರ ಅಂಕ ನೋಡಿ ಸೆಕ್ಷನ್ ಬದಲಿಸುತ್ತಾರೆ. ಸೆಕ್ಷನ್ ಬದಲಾದರೆ ರೂಮೂ ಬದಲಾಗುತ್ತದೆ.

ಒಂದು ವಿಷಯ ನೆನಪಿಟ್ಟುಕೋ. ಇಲ್ಲಿ ನಾವು ಬರೆದ ಕಾಗದವನ್ನು ಅಂಟಿಸದೆ ವಾರ್ಡನ್ ಮೇಡಂ ಮೇಜಿನ ಮೇಲೆ ಇಡಬೇಕು. ಅವರು ಓದಿ, ಅಂಟಿಸಿ, ಪೋಸ್ಟಿಗೆ ಹಾಕುತ್ತಾರೆ. ಬಂದ ಕಾಗದವನ್ನೂ ಒಡೆದೇ ಕೊಡುತ್ತಾರೆ. ಹೋದ ವರ್ಷ ಒಬ್ಬಳು ಮನೆಗೆ ಹೋಗಬೇಕು ಎಂದು ಬರೆದಳಂತೆ. ಆ ಕಾಗದ ಹೋಗಲೇ ಇಲ್ಲ, ಅವಳನ್ನು ಆಫೀಸಿಗೆ ಕರೆದರು. ಹಾಗಾಗಿ ಮನೆಯ ತಾಪತ್ರಯ ಬರೆಯಬೇಡ. ನಿನ್ನ ಇಂಗ್ಲಿಷ್ ಪಾಠದ ಕಾಗದ ಓದಿ ಮೇಡಂಗೆ ಖುಷಿಯಾಗಿದೆ. "ತಾಯಿಗೆ ಕಲಿಸು, ನಿನಗೂ ಒಳ್ಳೆಯದು" ಎಂದರು.

ಪಾಠ ಒಂದು. ಸಿಕ್ ಎಂದರೆ ಮೈಯ ಒಳಗಿನಿಂದ ಬರುವುದು, ಜ್ವರ ವಾಂತಿಯ ಹಾಗೆ. ಹರ್ಟ್ ಎಂದರೆ ಹೊರಗಿನಿಂದ ತಾಗಿದ್ದು. ಮನಸ್ಸಿಗೂ ಹರ್ಟ್ ಆಗುತ್ತದೆ, ಆದರೆ ಅದು ನರ್ಸರಿಗೆ ಬೇಡ.

ದ ಬೇಬಿ ವಾಮಿಟೆಡ್. ಶಿ ಈಸ್ ಸಿಕ್. (ಮಗು ವಾಂತಿ ಮಾಡಿತು, ಅದಕ್ಕೆ ಹುಷಾರಿಲ್ಲ.)
ದ ಬೇಬಿ ಫೆಲ್ ಡೌನ್. ಶಿ ಈಸ್ ಹರ್ಟ್. (ಮಗು ಬಿತ್ತು, ಅದಕ್ಕೆ ತಾಗಿದೆ.)

ಏನೂ ತರಬೇಡ ಅಮ್ಮಾ.

ಇಂತಿ ನಿನ್ನ
ವಿಸ್ಮಿ


ಕಲ್ಲಡ್ಕ
13-7-2025

ವಿಸ್ಮಿ ಮಗಾ,

ನಿನ್ನೆ ಒಂದು ಮಗು ವಾಂತಿ ಮಾಡಿತು. ಒರೆಸುವ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ "ಮೇಡಂ, ಶಿ ಈಸ್ ಸಿಕ್" ಎಂದೆ. ಹೆಡ್ ಮೇಡಂ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. ನಗಲಿಲ್ಲ! ಸಬೀಹಾ ಟೀಚರ್ "ಒಳ್ಳೆ ಕಲ್ತಿದ್ದೀರಿ ದಮಯಂತಿಯಕ್ಕ, ಯಾರು ಕಲಿಸುದು?" ಎಂದು ಕೇಳಿದರು. ಅವರು ಎಲ್‌ಕೆಜಿಗೆ ಪಾಠ ಮಾಡುವವರು, ಒಳ್ಳೆಯ ಮನಸ್ಸು. "ನನ್ನ ಮಗಳು, ಮೂಡುಬಿದಿರೆಯಲ್ಲಿ ಪಿಯುಸಿ ಸೈನ್ಸ್" ಎಂದು ಹೇಳುವಾಗ ನನ್ನ ಎದೆ ಇಷ್ಟು ಅಗಲ ಆಯಿತು.

ಈಗ ಹೊಸ ಸಂಕಟ. "ಹಿಯರ್ ಮಿ" ಎಂದು ಮಕ್ಕಳಿಗೆ ಹೇಳಿದ್ದಕ್ಕೆ "ಲಿಸನ್ ಅನ್ನಿ" ಎಂದರು. ಎರಡೂ ಕಿವಿಯದ್ದೇ ಕೆಲಸ. ಹಾಗೆಯೇ ಸೀ ಮತ್ತು ಲುಕ್, ಎರಡೂ ಕಣ್ಣಿನದ್ದು. ಈ ಇಂಗ್ಲಿಷಿನವರಿಗೆ ಒಂದು ಕೆಲಸಕ್ಕೆ ಎರಡೆರಡು ಪದ ಯಾಕೆ? ನನಗೆ ನಿದ್ದೆಯಲ್ಲೂ ಅದೇ.

ನೀನು ಚೆನ್ನಾಗಿ ಓದು. ಎಂತ ಆದರೂ ನನ್ನ ಹಾಗೆ ಅರ್ಧಕ್ಕೆ ಬಿಡುವವಳಾಗಬೇಡ. ಅರ್ಧಕ್ಕೆ ಬಿಟ್ಟವಳಿಗೆ ಜೀವನ ಇಡೀ ಯಾರಾದರೂ ನಗುತ್ತಾರೆ.

ಬಾಳೆಕಾಯಿ ಚಿಪ್ಸ್ ತರಲಾ? ಅಥವಾ ಅಪ್ಪನ ಬಳಿ ಹೇಳಿ ಜೇನು ತರಿಸಲಾ?

ಅಮ್ಮ


ಮೂಡುಬಿದಿರೆ
27-7-2025

ಅಮ್ಮಾ,

ಪಾಠ ಎರಡು. ಹಿಯರ್ ಎಂದರೆ ಶಬ್ದ ತಾನಾಗಿಯೇ ಬಂದು ಕಿವಿಗೆ ಬೀಳುವುದು. ಲಿಸನ್ ಎಂದರೆ ನಾವು ಮನಸ್ಸಿಟ್ಟು ಕಿವಿ ಕೊಡುವುದು.

ಐ ಹಿಯರ್ ದ ಲೆಕ್ಚರರ್. ಐ ಲಿಸನ್. ಐ ಡೋಂಟ್ ಅಂಡರ್‌ಸ್ಟ್ಯಾಂಡ್. (ಲೆಕ್ಚರರ್ ಧ್ವನಿ ಕೇಳುತ್ತದೆ. ಕಿವಿಗೊಡುತ್ತೇನೆ. ಅರ್ಥವಾಗುವುದಿಲ್ಲ.)

ಸೀ ಎಂದರೆ ಕಣ್ಣಿಗೆ ಬೀಳುವುದು. ಲುಕ್ ಎಂದರೆ ಬೇಕೆಂದೇ ನೋಡುವುದು.

ಐ ಸೀ ಮೈ ನೇಮ್ ಇನ್ ದ ಲಾಸ್ಟ್ ಲೈನ್. ಎವರಿಬಡಿ ಲುಕ್ಸ್ ಅಟ್ ಮಿ. (ಕೊನೆಯ ಸಾಲಿನಲ್ಲಿ ನನ್ನ ಹೆಸರು ಕಾಣುತ್ತದೆ. ಎಲ್ಲರೂ ನನ್ನನ್ನು ನೋಡುತ್ತಾರೆ.)

ನಾನು ಚೆನ್ನಾಗಿದ್ದೇನೆ. ಏನೂ ಬೇಡ.

ವಿಸ್ಮಿ


ಕಲ್ಲಡ್ಕ
10-8-2025

ವಿಸ್ಮಿ,

ಇವತ್ತು ಎರಡನೇ ಆದಿತ್ಯವಾರ. ಫೋನಿನಲ್ಲಿ ನಿನ್ನ ದನಿ ಕೊಡಪಾನದ ಒಳಗಿನಿಂದ ಬಂದ ಹಾಗೆ ಕೇಳಿತು. ಶೀತ ಆಗಿದೆ ನಿನಗೆ. ಕೇಳಿದರೆ ಇಲ್ಲ ಎನ್ನುತ್ತಿ. ಶುಂಠಿ ಕಷಾಯ ಕೊಡುತ್ತಾರಾ ಅಲ್ಲಿ? ಐದು ನಿಮಿಷದಲ್ಲಿ ನೀನು ಮೂರು ಸಲ "ಮತ್ತೆ?" ಎಂದಿ, ಬೇರೆ ಎಂತದೂ ಹೇಳಲಿಲ್ಲ. ಹಿಂದೆ ಸಾಲು ಉಂಟು ಎಂದು ಇಟ್ಟೇಬಿಟ್ಟಿ.

ನಿನ್ನ ವಾಕ್ಯಗಳು ಪುಸ್ತಕದ ವಾಕ್ಯದ ಹಾಗೆಯೇ ಉಂಟು. ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇನೆ. ಮಕ್ಕಳಿಗೂ ಹೇಳಿಕೊಡುತ್ತೇನೆ. ನನ್ನ ಸುತ್ತ ಹನ್ನೊಂದು ಮಕ್ಕಳು ಕೂತು "ಐ ಲಿಸನ್, ಐ ಡೋಂಟ್ ಅಂಡರ್‌ಸ್ಟ್ಯಾಂಡ್" ಎಂದು ರಾಗ ಮಾಡಿ ಹೇಳುವಾಗ ಕೇಳಬೇಕು ನೀನು. ಪೂವಮ್ಮಕ್ಕ "ಇದೊಂದು ನನಗೆ ಸರಿಯಾಗಿ ಹೊಂದುದು" ಎಂದು ನಗುತ್ತಾರೆ.

ಈಗ ಕೇಳು. ಬಾತ್‌ರೂಮಿನ ಬಾಗಿಲಿನಲ್ಲಿ ಒಂದು ಬೋರ್ಡ್ ಹಾಕಿದ್ದಾರೆ. ಮಗುವನ್ನು ಅಲೋನ್ ಬಿಡಬಾರದು ಎಂದು ಸಬೀಹಾ ಟೀಚರ್ ಓದಿ ಹೇಳಿದರು. ನಾನು ಹೆಡ್ ಮೇಡಂ ಹತ್ತಿರ "ಪೂವಮ್ಮ ಈಸ್ ದೇರ್, ಬೇಬಿ ನಾಟ್ ಲೋನ್ಲಿ" ಎಂದೆ. ಸ್ಟಾಫ್ ರೂಮ್ ಇಡೀ ನಕ್ಕಿತು. ಅಲೋನಿಗೂ ಲೋನ್ಲಿಗೂ ಎಂತ ವ್ಯತ್ಯಾಸ? ಬೇಗ ಬರೆ. ಈ ತಿಂಗಳು ಎರಡು ಸಲ ನಕ್ಕಾಯಿತು.

ಅಮ್ಮ


ಮೂಡುಬಿದಿರೆ
24-8-2025

ಅಮ್ಮಾ,

ಅಲೋನ್ ಎಂದರೆ ಹತ್ತಿರ ಯಾರೂ ಇಲ್ಲ, ಅಷ್ಟೇ. ಅದರಲ್ಲಿ ದುಃಖ ಇರಬೇಕೆಂದಿಲ್ಲ. ಲೋನ್ಲಿ ಎಂದರೆ ಯಾರೂ ನಮ್ಮವರಲ್ಲ ಎನಿಸುವುದು. ಅದಕ್ಕೆ ಜನ ಎಷ್ಟಿದ್ದರೂ ಲೆಕ್ಕಕ್ಕಿಲ್ಲ.

ದ ಗರ್ಲ್ ಈಸ್ ಅಲೋನ್ ಇನ್ ದ ರೂಮ್. ಫೈವ್ ಬೆಡ್ಸ್ ಆರ್ ಎಂಪ್ಟಿ. (ಹುಡುಗಿ ರೂಮಿನಲ್ಲಿ ಒಬ್ಬಳೇ ಇದ್ದಾಳೆ. ಐದು ಮಂಚ ಖಾಲಿ.)
ಫೋರ್ ಹಂಡ್ರೆಡ್ ಗರ್ಲ್ಸ್ ಈಟ್ ಇನ್ ದ ಮೆಸ್. ದ ಗರ್ಲ್ ಈಸ್ ಲೋನ್ಲಿ. (ಮೆಸ್ಸಿನಲ್ಲಿ ನಾನೂರು ಹುಡುಗಿಯರು ಊಟ ಮಾಡುತ್ತಾರೆ. ಹುಡುಗಿಗೆ ಯಾರೂ ಇಲ್ಲ.)

ನಿಖಿತಾ ಮತ್ತು ಉಳಿದವರು ಮೇಲಿನ ಸೆಕ್ಷನಿಗೆ ಹೋದರು.

ಶೀತ ಇಲ್ಲ.

ವಿಸ್ಮಿ


ಕಲ್ಲಡ್ಕ
7-9-2025

ಚಿನ್ನದಂಥ ಮಗಳೇ,

ಮೇಲಿನ ಸೆಕ್ಷನಿಗೆ ಹೋದ ಸುದ್ದಿ ಓದಿ ಕಣ್ಣಲ್ಲಿ ನೀರು ಬಂತು. ನಿಖಿತಾಳ ಹೆಸರು ಮಾತ್ರ ಬರೆದಿದ್ದಿ, ನಿನ್ನದು ಹೇಳಲು ನಾಚಿಕೆ ನಿನಗೆ, ಸಣ್ಣದಿರುವಾಗಲೂ ಹಾಗೆಯೇ. ಕೂಡಲೇ ಅಪ್ಪನಿಗೆ ಫೋನ್ ಮಾಡಿದೆ. ಅವರು ನೆರಿಯ ಪೇಟೆಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿದ್ದಾರಂತೆ.

ಮಂಚದ ವಾಕ್ಯ ಎಷ್ಟು ಚೆಂದ! ನಾನು ಕ್ಯಾಲೆಂಡರಿನಲ್ಲಿ ಐದು ಮಂಚದ ಚಿತ್ರ ಮಾಡಿ ಆರನೆಯದರಲ್ಲಿ ಒಂದು ಹುಡುಗಿಯನ್ನು ಕೂರಿಸಿದ್ದೇನೆ. ಮಕ್ಕಳು ಮಂಚ ಎಣಿಸಿ ಎಣಿಸಿ ಐದರವರೆಗೆ ಕಲಿತರು. ಒಂದು ಹೆಣ್ಣು ಮಗು ಮಾತ್ರ "ಆ ಅಕ್ಕನ ಅಮ್ಮ ಎಲ್ಲಿ?" ಎಂದು ತುಳುವಿನಲ್ಲಿ ಕೇಳಿತು. "ಶ್, ಇಂಗ್ಲಿಷ್" ಎಂದು ಸುಮ್ಮನಿರಿಸಿದೆ.

ದಸರಾ ರಜೆಗೆ ಬರುತ್ತಿ ಅಲ್ವಾ? ನೀರುದೋಸೆ ಮಾಡುವ. ಬಸ್ಸಿನಲ್ಲಿ ಕಿಟಕಿ ಬದಿ ಕೂರಬೇಡ, ಗಾಳಿ. ಬಾಗಿಲ ಹತ್ತಿರವೂ ಬೇಡ.

ಅಮ್ಮ


ಮೂಡುಬಿದಿರೆ
21-9-2025

ಅಮ್ಮಾ,

ರಜೆಗೆ ಬರಲಿಕ್ಕಿಲ್ಲ. ಕೆಲವರಿಗೆ ಸ್ಪೆಷಲ್ ಕ್ಲಾಸ್ ಉಂಟು, ಅದರಲ್ಲಿ ನಾನೂ ಇದ್ದೇನೆ. ಅಪ್ಪನಿಗೆ ಇನ್ನು ಯಾರಿಗೂ ಏನೂ ಹೇಳಬೇಡ ಎಂದು ಹೇಳು. ದಯವಿಟ್ಟು.

ಅಕ್ಟೋಬರಿನ ಎರಡನೇ ಆದಿತ್ಯವಾರ ಹೆತ್ತವರು ಒಳಗೆ ಬಂದು ನೋಡಬಹುದು. ಬೆಳಿಗ್ಗೆ ಹತ್ತರಿಂದ.

ವಿಸ್ಮಿ


ಕಲ್ಲಡ್ಕ
13-10-2025, ಸೋಮವಾರ

ವಿಸ್ಮಿ ಮಗಾ,

ನಿನ್ನೆ ಬರಬೇಕೆಂದೇ ಇದ್ದೆ. ಅಪ್ಪನಿಗೆ ಸೊಂಟ ಹಿಡಿದು ನೆರಿಯಕ್ಕೆ ಹೋಗಬೇಕಾಯಿತು. ಚಿಪ್ಸ್ ಮತ್ತು ನೆಲ್ಲಿಕಾಯಿಯ ಕಟ್ಟನ್ನು ಮೂಡುಬಿದಿರೆ ಬಸ್ಸಿನ ಕಂಡಕ್ಟರ್ ಶೇಖರನ ಕೈಯಲ್ಲಿ ಕಳಿಸಿದ್ದೇನೆ, ಗೇಟಿನಲ್ಲಿ ಕೊಡಲು ಹೇಳಿದ್ದೇನೆ. ಸಿಕ್ಕಿತಾ? ಚಿಪ್ಸ್ ಮೆತ್ತಗಾಗುವ ಮೊದಲು ತಿನ್ನು.

ಇನ್ನು ಒಂದೇ ತಿಂಗಳು ನನಗೆ. ಬ್ರಿಂಗ್ ಮತ್ತು ಟೇಕ್ ತಲೆಗೆ ಹೋಗುತ್ತಿಲ್ಲ. ಸಂಜೆ ಗೇಟಿನಲ್ಲಿ ತಾಯಂದಿರ ಹತ್ತಿರ ಯಾವುದನ್ನು ಹೇಳುವುದು?

ಅಮ್ಮ


ಮೂಡುಬಿದಿರೆ
19-10-2025

ಅಮ್ಮಾ,

ಬ್ರಿಂಗ್ ಎಂದರೆ ನಾವು ಇರುವ ಕಡೆಗೆ ತರುವುದು. ಟೇಕ್ ಎಂದರೆ ಇದ್ದಲ್ಲಿಂದ ತೆಗೆದುಕೊಂಡು ಹೋಗುವುದು, ಕರೆದುಕೊಂಡು ಹೋಗುವುದು. ಗೇಟಿನಲ್ಲಿ ನೀನು ಟೇಕ್ ಎನ್ನಬೇಕು.

ದ ಮದರ್ ಬ್ರಾಟ್ ಚಿಪ್ಸ್ ಟು ದ ಗೇಟ್. ದ ವಾಚ್‌ಮ್ಯಾನ್ ಸಾ ಹರ್. ಶಿ ವೆಂಟ್ ಬ್ಯಾಕ್. (ಅಮ್ಮ ಗೇಟಿನವರೆಗೆ ಚಿಪ್ಸ್ ತಂದಳು. ವಾಚ್‌ಮ್ಯಾನ್ ನೋಡಿದ. ಅವಳು ಹಿಂದೆ ಹೋದಳು.)
ಶಿ ಡಿಡ್ ನಾಟ್ ಟೇಕ್ ದ ಗರ್ಲ್. (ಹುಡುಗಿಯನ್ನು ಕರೆದುಕೊಂಡು ಹೋಗಲಿಲ್ಲ.)

ವಿಸ್ಮಿ


ಮೂಡುಬಿದಿರೆ
6-11-2025

ಅಮ್ಮಾ,

ಹದಿನೆಂಟು ದಿನವಾಯಿತು, ನಿನ್ನ ಕಾಗದ ಇಲ್ಲ. ಸಿಟ್ಟು ಬಂತಾ? ನೀನು ಕೇಳದಿದ್ದರೂ ಒಂದು ಪಾಠ ಕಳಿಸುತ್ತಿದ್ದೇನೆ. ಹದಿನಾಲ್ಕಕ್ಕೆ ಬೇಕಾದೀತು.

ಫಿನಿಶ್ ಎಂದರೆ ಕೊನೆಯವರೆಗೆ ಮಾಡಿ ಮುಗಿಸುವುದು. ಸ್ಟಾಪ್ ಎಂದರೆ ನಡುವೆ ನಿಲ್ಲಿಸುವುದು.

ದ ಮದರ್ ಸ್ಟಾಪ್ಡ್ ಸ್ಕೂಲ್. (ಅಮ್ಮ ಶಾಲೆ ಬಿಟ್ಟಳು.)
ದ ಗರ್ಲ್ ಸ್ಟಾಪ್ಡ್ ಈಟಿಂಗ್. (ಹುಡುಗಿ ಊಟ ಬಿಟ್ಟಳು.)
ದ ಗರ್ಲ್ ಕೆನಾಟ್ ಫಿನಿಶ್. (ಹುಡುಗಿಗೆ ಮುಗಿಸಲು ಆಗುವುದಿಲ್ಲ.)

ನಿನ್ನ ಪರೀಕ್ಷೆ ಚೆನ್ನಾಗಿ ಆಗಲಿ.

ವಿಸ್ಮಿ


ಮೂಡುಬಿದಿರೆ, ನಿಮ್ಮ ಹಾಸ್ಟೆಲಿನ ಗೇಟು
14-11-2025, ಶುಕ್ರವಾರ, ಬೆಳಿಗ್ಗೆ

ವಿಸ್ಮೀ,

ವಾಚ್‌ಮ್ಯಾನ್ ಕುಳಿತುಕೊಳ್ಳುವ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ. ಇವತ್ತು ನೋಡುವ ದಿನ ಅಲ್ಲವಂತೆ. ಪ್ರಿನ್ಸಿಪಾಲರು ಮೀಟಿಂಗಿನಲ್ಲಿದ್ದಾರೆ, ಹನ್ನೆರಡು ಗಂಟೆಗೆ ಬಿಡುತ್ತಾರಂತೆ. ವಾರ್ಡನ್ ಮೇಡಂ ಹೊರಗೆ ಬಂದು "ಎಂತ ಉಂಟಾದ್ರೂ ಒಂದು ಚೀಟಿ ಬರ್ದು ಕೊಡಿ, ಓದಿ ಅವಳಿಗೆ ಕೊಡ್ತೇನೆ" ಎಂದರು. ಹಾಗಾಗಿ ಇದನ್ನು ಮೊದಲು ಅವರೇ ಓದುತ್ತಾರೆ. ಓದಲಿ. ಮೇಡಂ, ನೀವೂ ಓದಿ.

ಮೊದಲು ಸುಳ್ಳನ್ನು ಹೇಳಿ ಮುಗಿಸುತ್ತೇನೆ. ಅಪ್ಪನಿಗೆ ಸೊಂಟ ಹಿಡಿಯಲಿಲ್ಲ, ಶೇಖರನ ಕೈಯಲ್ಲಿ ಕಟ್ಟು ಕಳಿಸಲಿಲ್ಲ. ಆ ಆದಿತ್ಯವಾರ ಬಿ.ಸಿ. ರೋಡಿನಲ್ಲಿ ಬಸ್ಸು ಹಿಡಿದು ಸಿದ್ದಕಟ್ಟೆಯ ಮೇಲಿನಿಂದ ನಾನೇ ಬಂದಿದ್ದೆ. ಇದೇ ಗೇಟು. ಒಂದು ಪುಸ್ತಕ ಮುಂದೆ ಇಟ್ಟರು. ಅದರ ಗೆರೆಗಳ ಮೇಲೆ ಎಲ್ಲ ಇಂಗ್ಲಿಷ್: ಹೆಸರು, ಸಂಬಂಧ, ಬಂದ ಕಾರಣ. ಹಿಂದೆ ಕಾರಿನಲ್ಲಿ ಬಂದವರು ಸಾಲಾಗಿ ನಿಂತಿದ್ದರು. ಪೆನ್ನು ಕೆಳಗಿಟ್ಟೆ. ಈ ಹೆಂಗಸಿಗೆ ಬರೆಯಲು ಬರುವುದಿಲ್ಲ ಎಂದು ನಿನ್ನ ಜೊತೆಯವರಿಗೆ ಗೊತ್ತಾದರೆ ನಿನಗೆ ಮರ್ಯಾದೆ ಹೋಗುತ್ತದೆ ಎಂದುಕೊಂಡೆ. ಕಟ್ಟನ್ನು ವಾಚ್‌ಮ್ಯಾನಿಗೆ ಕೊಟ್ಟು ಹಿಂದೆ ಹೋದೆ. ಬಸ್ಸಿನಲ್ಲಿ ಸೀಟು ಸಿಕ್ಕಿದ್ದರೂ ಕೂರಲಿಲ್ಲ.

ಆಮೇಲೆ ನಿನ್ನ ವಾಕ್ಯ ಬಂತು. ಅಮ್ಮ ಹಿಂದೆ ಹೋದಳು ಎಂದು. ನಾಚಿಕೆಯಲ್ಲಿ ನಾನು ಅಷ್ಟನ್ನೇ ಓದಿದೆ. ಅದರ ಕೆಳಗಿನ ಸಾಲು ಕಣ್ಣಿಗೆ ಬಿತ್ತು, ನಾನು ನೋಡಲಿಲ್ಲ. ಇದರ ವ್ಯತ್ಯಾಸ ನೀನೇ ಕಲಿಸಿದ್ದು. ಮಗಳು ನನಗೆ ಬೈದಿದ್ದಾಳೆ ಎಂದುಕೊಂಡು ಇಷ್ಟು ದಿನ ಪೆನ್ನು ಮುಟ್ಟಲಿಲ್ಲ.

ನಿನ್ನೆ ನರ್ಸರಿಯಲ್ಲಿ ಇವತ್ತಿನ ಕಾರ್ಯಕ್ರಮದ ರಿಹರ್ಸಲ್. ನನ್ನ ಹನ್ನೊಂದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನಿನ್ನ ಪಾಠಗಳನ್ನು ಹೇಳಿಸಿದೆ. ಕೈಕಟ್ಟಿ, ತಲೆ ಅಲ್ಲಾಡಿಸಿ, ಒಂದೇ ರಾಗದಲ್ಲಿ ಹೇಳಿದವು. ಕಡೆಯದು ಮೊನ್ನೆ ಬಂದ ಪಾಠ. "ದ ಗರ್ಲ್ ಸ್ಟಾಪ್ಡ್ ಈಟಿಂಗ್. ದ ಗರ್ಲ್ ಕೆನಾಟ್ ಫಿನಿಶ್." ಮುಗಿದ ಮೇಲೆ ಬೇರೆ ಟೀಚರುಗಳು ಚಪ್ಪಾಳೆ ತಟ್ಟಿದರು. ಸಬೀಹಾ ಟೀಚರ್ ತಟ್ಟಲಿಲ್ಲ.

ಮಕ್ಕಳು ಹೋದ ಮೇಲೆ ನನ್ನನ್ನು ಕರೆದರು. "ದಮಯಂತಿಯಕ್ಕ, ಈ ವಾಕ್ಯ ಯಾವ ಪುಸ್ತಕದ್ದು?"

"ಪುಸ್ತಕದ್ದಲ್ಲ, ನನ್ನ ಮಗಳು ಉದಾಹರಣೆಗೆ ಬರೆದದ್ದು" ಎಂದೆ.

"ಎಲ್ಲ ಕಾಗದ ಉಂಟಾ ನಿಮ್ಮ ಹತ್ರ? ತನ್ನಿ, ನೋಡುವ."

ರೂಮಿಗೆ ಹೋಗಿ ಬಿಸ್ಕಿಟ್ ಡಬ್ಬದಿಂದ ತಂದು ಕೊಟ್ಟೆ. ಅವರು ಒಂದೊಂದೇ ಬಿಡಿಸಿ ತಾರೀಕಿನ ಪ್ರಕಾರ ಮೇಜಿನ ಮೇಲೆ ಹರಡಿದರು. ಇಂಗ್ಲಿಷನ್ನು ಬಿಟ್ಟು, ಕೆಳಗೆ ನೀನು ಬರೆದ ಕನ್ನಡವನ್ನು ಮಾತ್ರ ಮೊದಲಿನಿಂದ ಕೊನೆಯವರೆಗೆ ಓದಿದರು. ಪಾಠ ಕೇಳುವವಳ ಹಾಗೆ ನಿಂತಿದ್ದೆ ನಾನು. ಮೆಸ್ಸಿನ ಸಾಲಿಗೆ ಬರುವಾಗ ಮಕ್ಕಳ ಸಣ್ಣ ಕುರ್ಚಿಯಲ್ಲಿ ಕೂತೆ. ಸಬೀಹಾ ಟೀಚರ್ ಓದುವುದು ನಿಲ್ಲಿಸಲಿಲ್ಲ. ಕಡೆಗೆ ನನ್ನ ಬೆನ್ನ ಮೇಲೆ ಕೈ ಇಟ್ಟು, "ಅಕ್ಕಾ, ಯಾರೂ ಸುಮ್ಮನೆ ಉದಾಹರಣೆಗೆ ಅಂತ ಹೀಗೆ ಬರೆಯುದಿಲ್ಲ. ಹೋಗಿ ಕರ್ಕೊಂಡು ಬನ್ನಿ" ಎಂದರು.

ಮಗಾ, ನಾನು ಎಷ್ಟಕ್ಕೆಲ್ಲ ಹೆದರಿದೆ! ಮುಚ್ಚಳಕ್ಕೆ, ಫ್ಯಾನಿಗೆ, ಶೀತಕ್ಕೆ, ಕಿಟಕಿಯ ಗಾಳಿಗೆ. ಹೆದರಬೇಕಾದ್ದನ್ನು ರಾಗ ಹಾಕಿ ಹನ್ನೊಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿದೆ. ಐದು ಖಾಲಿ ಮಂಚದ ಚಿತ್ರ ಬರೆದು ಅದರ ಪಕ್ಕದಲ್ಲಿ ನಿನ್ನನ್ನೇ ಕೂರಿಸಿ ಗೋಡೆಗೆ ಅಂಟಿಸಿದೆ. ನಾಲ್ಕು ವರ್ಷದ ಒಂದು ಮಗುವಿಗೆ ಅರ್ಥ ಆಯಿತು. ಆ ಅಕ್ಕನ ಅಮ್ಮ ಎಲ್ಲಿ ಎಂದು ಕೇಳಿತ್ತು. ಅದರ ಬಾಯಿ ಮುಚ್ಚಿಸಿದವಳು ನಾನು.

ಈಗ ಅಲ್ಲಿ ಕಾರ್ಯಕ್ರಮ ಶುರುವಾಗಿರಬಹುದು. ಮ್ಯಾನೇಜ್‌ಮೆಂಟಿನವರು ನಾನೆಲ್ಲಿ ಎಂದು ಕೇಳಿದರೆ ಎಂತ ಹೇಳುವುದು ಎಂದು ಪೂವಮ್ಮಕ್ಕನ ಹತ್ತಿರ ಕೇಳಿದೆ. "ನನ್ನ ಬಾಯಲ್ಲಿ ಒಂದು ಇಂಗ್ಲಿಷ್ ಆದ್ರೂ ಬರ್ತದೆ ಇವತ್ತು. ದಮಯಂತಿ ಗೋ ಅಂತ ಹೇಳ್ತೇನೆ" ಎಂದರು. ಕೆಲಸ ಹೋದೀತು. ನನಗೆ ಅದರ ಹೆದರಿಕೆ ಇಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಆ ಹೆದರಿಕೆಯನ್ನು ಹಿಡಿದುಕೊಂಡೇ ಇಲ್ಲಿ ಕೂತಿದ್ದೇನೆ.

ಅರ್ಧಕ್ಕೆ ಬಿಡಬೇಡ ಎಂದು ನಾನೇ ನಿನಗೆ ಬರೆದೆ. ಆ ಮಾತೇ ನಿನ್ನ ಬಾಯಿ ಕಟ್ಟಿತು ಎಂದು ಈಗ ಕಾಣುತ್ತದೆ. ಅರ್ಧಕ್ಕೆ ಬಿಟ್ಟ ನಾನು ಸತ್ತಿಲ್ಲ ಮಗಾ. ನಗುವವರು ನಕ್ಕರು, ನಾನು ಊಟ ಮಾಡಿದೆ. ನೀನು ಮತ್ತೆ ಓದುತ್ತೀಯೋ, ಎಲ್ಲಿ ಓದುತ್ತಿ, ಯಾವ ಭಾಷೆಯಲ್ಲಿ, ನನಗೆ ಇವತ್ತು ಗೊತ್ತಿಲ್ಲ. ಅಪ್ಪನಿಗೆ ಇನ್ನೂ ಹೇಳಿಲ್ಲ. ಅವರಿಗೆ ಬೇಜಾರಾಗಬಹುದು, ಊರಿನವರು ಕೇಳಬಹುದು. ಅದನ್ನೆಲ್ಲ ನೀನು ಎರಡು ತುತ್ತು ತಿಂದ ಮೇಲೆ ನೋಡುವ.

ಮೇಡಂ, ಒಂದು ಮಾತು ನಿಮಗೆ. ಈ ವಾಕ್ಯಗಳನ್ನು ನನಗಿಂತ ಮೊದಲು ನೀವು ಓದಿದವರು. ನಿಮ್ಮ ಮೇಲೆ ದೂರು ಅಲ್ಲ. ನನಗೂ ಅರ್ಥ ಆಗಲಿಲ್ಲ, ನಿಮಗೂ ಆಗಲಿಲ್ಲ. ನಾವಿಬ್ಬರೂ ಪಾಠ ಎಂದುಕೊಂಡೆವು. ಈ ಚೀಟಿಯನ್ನು ಮಾತ್ರ ಮೇಜಿನ ಮೇಲೆ ಇಟ್ಟುಕೊಳ್ಳಬೇಡಿ.

ವಿಸ್ಮೀ, ಅದೇ ಪುಸ್ತಕವನ್ನು ಇವತ್ತೂ ಮುಂದೆ ಇಟ್ಟರು. ಹೆಸರು ಕನ್ನಡದಲ್ಲಿ ಬರೆದೆ. ಸಂಬಂಧ, ಅಮ್ಮ. ಬಂದ ಕಾರಣ ಎಂಬಲ್ಲಿ ನೀನು ಕಲಿಸಿದ್ದನ್ನೇ ಕನ್ನಡ ಅಕ್ಷರದಲ್ಲಿ ಬರೆದೆ: ಟೇಕ್. ವಾಚ್‌ಮ್ಯಾನ್ ಓದಿ, ನನ್ನ ಮುಖ ನೋಡಿ, "ಸರಿ ಅಮ್ಮ, ಕೂತ್ಕೊಳ್ಳಿ" ಎಂದ. ನಗಲಿಲ್ಲ.

ಚಿಪ್ಸ್ ಇಲ್ಲ, ಉಪ್ಪಿನಕಾಯಿ ಇಲ್ಲ. ಈ ಸಲ ಎಂತದೂ ಬ್ರಿಂಗ್ ಮಾಡಲಿಲ್ಲ ಮಗಾ. ನಿನ್ನ ಚೀಲ ಹಿಡಿಯಲು ಎರಡೂ ಕೈ ಖಾಲಿ ಇಟ್ಟುಕೊಂಡು ಬಂದಿದ್ದೇನೆ. ಹನ್ನೆರಡು ಆದರೂ, ಸಂಜೆ ಆದರೂ, ಈ ಬೆಂಚಿನಿಂದ ಏಳುವುದಿಲ್ಲ.

ಅಮ್ಮ